ನನಗೆ ಆರು, ಅವನಿಗೆ ಒಂಬತ್ತು

ನನ್ನ ಕೆಲಸ ಎಷ್ಟು ಚೆನ್ನಾಗಿದೆ ಎಂದು ನಾನೇ ಹೇಳಬೇಕಂತೆ, ಅದೂ ಹತ್ತಕ್ಕೆ ಎಷ್ಟು ಎಂದು. ಈ ಪದ್ಧತಿ ಹುಟ್ಟಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಸಿಕ್ಕರೆ ಎದುರಿಗೆ ಕೂರಿಸಿಕೊಂಡು ಎರಡು ಮಾತು ಕೇಳುವುದಿದೆ. ಈ ಹತ್ತರ ಆಟದಲ್ಲಿ ನಾನು ಕಟ್ಟಿದ ಪ್ರೋಗ್ರಾಂ ನನ್ನ ಕೈಬಿಟ್ಟು ಹೋಯಿತು. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಇರಾದೆಯೂ ನನಗಿಲ್ಲ.

ನಮ್ಮದು ಗದ್ವಾಲದಲ್ಲಿರುವ ಸಣ್ಣ ಸಾಫ್ಟ್‌ವೇರ್ ಆಫೀಸು. ಕೆಳಗೆ ಗೊಬ್ಬರದಂಗಡಿ, ಮೇಲೆ ನಾವು ಐದು ಮಂದಿ. ಸೀರೆ ಅಂಗಡಿಗಳಿಗೆ ಬಿಲ್ಲು ಮಾಡುವ, ಸ್ಟಾಕು ನೋಡಿಕೊಳ್ಳುವ ಪ್ರೋಗ್ರಾಂ ಬರೆಯುತ್ತೇವೆ. ಗದ್ವಾಲ, ನಾರಾಯಣಪೇಟೆ, ಕೋಸಗಿಯ ಅಂಗಡಿಗಳಲ್ಲಿ ಅದು ಓಡುತ್ತದೆ. ನಾನು ಹುಟ್ಟಿದ್ದು ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ, ಕೊಟ್ಟದ್ದು ಮಕ್ತಲಕ್ಕೆ. ದಿನಾ ಬೆಳಿಗ್ಗೆ ಮಕ್ತಲದಲ್ಲಿ ಬಸ್ಸು ಹತ್ತಿ, ಕೃಷ್ಣೆ ದಾಟಿ ಗದ್ವಾಲಕ್ಕೆ ಬರುತ್ತೇನೆ. ಪ್ರೋಗ್ರಾಮಿನ ಸ್ಟಾಕಿನ ಭಾಗವನ್ನು ಮೊದಲಿನಿಂದ ಕೊನೆಯವರೆಗೆ ಬರೆದವಳು ನಾನು. ಆಫೀಸಿನಲ್ಲಿ ಯಾರಿಗೆ ಏನು ತೊಡಕಾದರೂ ಕುರ್ಚಿ ಎಳೆದುಕೊಂಡು ಬರುತ್ತಿದ್ದದ್ದು ನನ್ನ ಮೇಜಿಗೇ.

ಹೆಚ್ಚು ಬರುತ್ತಿದ್ದವನು ಇಟಿಕ್ಯಾಲದ ಹುಡುಗ. ನನಗಿಂತ ಬಹಳ ಚಿಕ್ಕವನು, ಮಾತಿನಲ್ಲಿ ಚುರುಕು, ನೋಡಲೂ ಠಾಕುಠೀಕು. ಅಕ್ಕಾ ಒಂದು ಸಲ ನೋಡ್ರಿ, ಅಕ್ಕಾ ಇಲ್ಲಿ ಯಾಕೋ ನಿಂತೈತಿ ಎಂದು ದಿನಕ್ಕೊಮ್ಮೆಯಾದರೂ ಹಾಜರಿ ಹಾಕುತ್ತಿದ್ದ. ನೋಡಿ ಸರಿಮಾಡಿ ಕೊಡುತ್ತಿದ್ದೆ. ಅವನ ಮೇಲೆ ನನಗೆ ಮಮತೆಯೇ ಇತ್ತು. ಕಲಿಯುವ ವಯಸ್ಸು, ಕಲಿಯಲಿ ಬಿಡು ಎಂದುಕೊಳ್ಳುತ್ತಿದ್ದೆ.

ಹೋದ ವರ್ಷ ಹೈದರಾಬಾದಿನಿಂದ ನಮ್ಮ ಮ್ಯಾನೇಜರು ಬಂದರು. ರಾಯಚೂರು ಕಡೆಯವರು, ನಮ್ಮ ಜೊತೆ ಕನ್ನಡದಲ್ಲೇ ಮಾತು, ಸಿಟ್ಟು ಬಂದಾಗ ಮಾತ್ರ ತೆಲುಗು. ಐವರಲ್ಲಿ ಒಬ್ಬರನ್ನು ಟೀಮ್ ಲೀಡ್ ಮಾಡುತ್ತೇವೆ, ಇನ್ನು ಮುಂದೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಹೇಳುವವರು ಅವರೇ ಎಂದರು. ಆ ಜಾಗ ನನಗೆ ಬರುತ್ತದೆ ಎಂದೇ ನಂಬಿದ್ದೆ. ಸುಮ್ಮನೆ ದೊಡ್ಡವರ ಹಾಗೆ ಇದನ್ನು ಮುಚ್ಚಿಡುವುದು ಯಾಕೆ? ಬೇಕಾಗಿತ್ತು. ನನ್ನ ಪ್ರೋಗ್ರಾಮಿನಲ್ಲಿ ಸರಿಪಡಿಸಬೇಕಾದದ್ದು ಇತ್ತು, ಅದಕ್ಕೆ ಸಮಯ ಕೊಡುವ ಅಧಿಕಾರ ನನ್ನ ಕೈಗೆ ಬರಬೇಕಾಗಿತ್ತು.

ಮ್ಯಾನೇಜರು ಗೋಡೆಯ ಬಿಳಿ ಹಲಗೆಯ ಮೇಲೆ ಐದು ಗೆರೆ ಎಳೆದರು. ಒಬ್ಬೊಬ್ಬರೇ ಎದ್ದು ಬಂದು ತಮ್ಮ ಕೈಚಳಕಕ್ಕೆ ತಾವೇ ಅಂಕ ಹಾಕಿಕೊಂಡು, ಯಾಕೆ ಅಷ್ಟು ಎಂದು ಹೇಳಬೇಕು. ಮೊದಲು ನಮ್ಮ ಜೊತೆಯ ಕೋಸಗಿಯವನು ಏಳು ಹಾಕಿದ. ಅವನ ಹಿಂದೆ ಬಂದ ಇನ್ನೊಬ್ಬರಿಬ್ಬರೂ, ಮುಂದಿನವನು ಹಾಕಿದ್ದಾನೆಂದು ತಾವೂ ಏಳು ಹಾಕಿದರು. ಇಟಿಕ್ಯಾಲದ ಹುಡುಗ ಎದ್ದು ಷರಟು ಸರಿಮಾಡಿಕೊಂಡು ದೊಡ್ಡದಾಗಿ ಒಂಬತ್ತು ಬರೆದ. ತಾನು ಬರೆದದ್ದರಲ್ಲಿ ಇದುವರೆಗೆ ಒಂದು ತೊಂದರೆಯೂ ಕಂಡಿಲ್ಲ ಎಂದ. ಕಾಣುವುದು ಎಲ್ಲಿಂದ? ಕಂಡದ್ದನ್ನೆಲ್ಲ ನಾನು ತೆಗೆದುಹಾಕಿದ್ದೆನಲ್ಲ!

ಆಮೇಲೆ ನನ್ನ ಸರದಿ. ಇಲ್ಲಿ ನಮ್ಮ ಓಣಿಯ ಒಂದು ರೀತಿ ಹೇಳಬೇಕು, ಹೇಳದಿದ್ದರೆ ನಾನು ಮಾಡಿದ್ದು ತಿಳಿಯುವುದಿಲ್ಲ.

ನಮ್ಮ ಅಪ್ಪ ಸೀರೆ ನೇಯ್ದು ಮುಗಿಸಿ ಸಾವಕಾರರ ಅಂಗಡಿಗೆ ಒಯ್ಯುವಾಗ ಚಿಕ್ಕವಳಾದ ನಾನೂ ಜೊತೆಗೆ ಹೋಗುತ್ತಿದ್ದೆ. ಗಾದಿಯ ಮೇಲೆ ಸೀರೆ ಬಿಚ್ಚಿ ಹಾಸಿದ ಕೂಡಲೇ ಅಪ್ಪ ಅದರ ಅಂಚು ಹೊಗಳುತ್ತಿರಲಿಲ್ಲ, ಸೆರಗು ಹೊಗಳುತ್ತಿರಲಿಲ್ಲ. ಸಾವಕಾರರು ಮುಟ್ಟುವ ಮೊದಲೇ ಮಗ್ಗುಲು ಮಗುಚಿ, ಎಲ್ಲಿ ಎಳೆ ಹರಿದು ಗಂಟು ಹಾಕಿದ್ದರೋ ಅಲ್ಲಿ ಬೆರಳಿಟ್ಟು ತೋರಿಸುತ್ತಿದ್ದರು. ಇಲ್ಲೊಂದು, ಅಂಚಿನ ಹತ್ತಿರ ಇನ್ನೊಂದು. ಸಾವಕಾರರು ಹೂಂ ಎಂದು ಸೀರೆ ಮಡಚಿ ಒಳಗಿಡುತ್ತಿದ್ದರು. ಏನೂ ಇಲ್ಲರೀ, ಎಲ್ಲಾ ಬರೋಬ್ಬರಿ ಐತಿ ಎಂದವನ ಸೀರೆಯನ್ನು ಮಾತ್ರ ಬಾಗಿಲ ಬೆಳಕಿಗೆ ಒಯ್ದು ಮೊಳ ಮೊಳ ಹಿಡಿದು ನೋಡುತ್ತಿದ್ದರು. ತನ್ನ ಬಟ್ಟೆಯ ಊನ ತನಗೇ ಕಾಣದವನಿಗೆ ಕೈ ಇನ್ನೂ ಕುದುರಿಲ್ಲ ಎಂದೇ ಲೆಕ್ಕ. ಅಂಥವನ ಕೈಗೆ ಸೆರಗಿನ ಕೆಲಸ ಕೊಡುತ್ತಿರಲಿಲ್ಲ.

ನಾನೂ ಹಾಗೇ ಮಾಡಿದೆ. ಆರು ಬರೆದು, ನನ್ನ ಸೀರೆ ಮಗುಚಿದೆ. ಅಂಗಡಿಯಲ್ಲಿ ನೆಟ್‌ವರ್ಕ್ ಹೋಗಿ ಮತ್ತೆ ಬಂದರೆ ಒಂದೇ ಬಿಲ್ಲು ಕೆಲವೊಮ್ಮೆ ಎರಡು ಸಲ ಲೆಕ್ಕಕ್ಕೆ ಹೋಗುತ್ತದೆ, ಒಂದು ಸೀರೆ ಮಾರಿದರೆ ಎರಡು ಮಾರಿದಂತೆ ಸ್ಟಾಕು ಇಳಿಯುತ್ತದೆ ಎಂದೆ. ಸದ್ಯ ಗಿರಾಕಿ ಕಡಿಮೆ, ಯಾರ ಕಣ್ಣಿಗೂ ಬಿದ್ದಿಲ್ಲ, ಮದುವೆ ದಿನಗಳಲ್ಲಿ ಬೀಳುತ್ತದೆ, ಅದಕ್ಕೆ ಮೊದಲು ಎರಡು ವಾರ ಕೊಟ್ಟರೆ ಸರಿಮಾಡುತ್ತೇನೆ ಎಂದೆ. ಹೇಳಿ ಕುಳಿತಾಗ ಮನಸ್ಸು ಹಗುರಾಗಿತ್ತು. ಕೆಲಸ ಬಲ್ಲವಳ ಹಾಗೆ ಮಾತಾಡಿದೆ ಎಂದುಕೊಂಡಿದ್ದೆ.

ಮ್ಯಾನೇಜರು ತಲೆ ಅಲ್ಲಾಡಿಸಿದರು. ಸಂಜೆ ನನ್ನನ್ನು ಒಬ್ಬಳನ್ನೇ ಕರೆದು ಸಮಾಧಾನದ ದನಿಯಲ್ಲಿ ತಿಳಿಹೇಳಿದರು. ನಿಮ್ಮ ಕೆಲಸಕ್ಕೆ ಹೆಸರಿಡುವಂತಿಲ್ಲ, ಆದರೆ ನಿಮಗೆ ಧೈರ್ಯ ಸಾಲದು, ನಿಮಗೇ ನಿಮ್ಮ ಮೇಲೆ ನಂಬಿಕೆ ಇಲ್ಲದಿದ್ದರೆ ಉಳಿದವರು ಹೇಗೆ ನಂಬುತ್ತಾರೆ ಎಂದರು. ಆತ್ಮವಿಶ್ವಾಸದ ತರಬೇತಿಯೊಂದು ಆನ್‌ಲೈನಿನಲ್ಲಿ ಇದೆಯಂತೆ, ಮಾಡಿಕೊಳ್ಳಬೇಕಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಗಂಡಸರು ತುಂಬಿದ ಬಸ್ಸಿನಲ್ಲಿ ಒಂದು ಸೀಟಿಗಾಗಿ ದಿನಾ ಜಗಳ ತೆಗೆಯುವ ಹೆಂಗಸು ನಾನು. ನನಗೆ ಧೈರ್ಯ ಸಾಲದಂತೆ!

ಇಟಿಕ್ಯಾಲದ ಹುಡುಗ ಲೀಡ್ ಆದ. ಕೋಸಗಿಯವನು ಲಡ್ಡು ತಂದು ಹಂಚಿದ. ನನಗೂ ಒಂದು ಕೊಟ್ಟ, ತಿಂದೆ. ಮರುದಿನವೇ ಹುಡುಗನ ಹತ್ತಿರ ಹೋಗಿ ಆ ಎರಡು ವಾರ ಕೇಳಿದೆ. ಈಗ ಅದು ಬೇಡ ಅಕ್ಕಾ, ಯಾವ ಅಂಗಡಿಯವರೂ ದೂರು ಹೇಳಿಲ್ಲ, ಬಿಲ್ಲಿಗೆ ಹೊಸ ಬಣ್ಣ ಹೊಸ ಅಕ್ಷರ ಮಾಡಾಕ ಮೇಲಿನವರು ಹೇಳ್ಯಾರ ಎಂದ. ಮತ್ತೆರಡು ಸಲ ಕೇಳಿದೆ. ಮೂರನೆಯ ಸಲ ಕೇಳಿದಾಗ, ಅಕ್ಕ ಸುಮ್ಮನೆ ಅಂಜತಾಳ ಎಂದು ಉಳಿದವರ ಮುಂದೆ ನಕ್ಕ. ಹೀಗೆ ನಮ್ಮ ಬಿಲ್ಲಿಗೆ ಬಣ್ಣ ಬಂತು.

ಮದುವೆ ದಿನಗಳು ಬಂದವು. ನಾರಾಯಣಪೇಟೆಯ ಒಂದು ಅಂಗಡಿಯಿಂದ ಫೋನು ಬಂದಾಗ ನಾನೇ ಹೋದೆ. ಹೋಗುವ ಹೊತ್ತಿಗೆ ಅಂಗಡಿ ತುಂಬ ಜನ. ರಾಜೋಳಿಯಿಂದ ಬಂದ ಮದುವೆ ಮನೆಯವರು ಜವಳಿ ಆರಿಸಿ ಮುಗಿಸಿದ್ದರು. ಮದುಮಗಳ ತಾಯಿ ಕೈಯಲ್ಲಿ ಸೀರೆ ಹಿಡಿದು ನಿಂತಿದ್ದಾಳೆ, ಕಂಪ್ಯೂಟರು ಆ ಸೀರೆ ಅಂಗಡಿಯಲ್ಲಿ ಇಲ್ಲವೇ ಇಲ್ಲ ಎನ್ನುತ್ತಿದೆ. ಬೆಳಿಗ್ಗೆಯಿಂದ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿತ್ತು. ಹೋಗಿ ಬಂದಾಗಲೆಲ್ಲ ಬಿಲ್ಲು ಎರಡೆರಡು ಹೋಗಿ, ಕಪಾಟಿನಲ್ಲಿ ಕಣ್ಣಿಗೆ ಕಾಣುವ ಅರ್ಧ ಮಾಲು ಲೆಕ್ಕದಲ್ಲಿ ಮಾರಿ ಮುಗಿದಿತ್ತು. ಆ ತಾಯಿ ನನ್ನನ್ನೇ ಕೇಳಿದಳು.

“ಸೀರಿ ನನ್ನ ಕೈಯಾಗ ಐತಲ್ಲವ್ವಾ, ಇಲ್ಲಂತ ಯಾರು ಅಂದವ್ರು?”

ಸಾವಕಾರರು ಕೈಯಲ್ಲೇ ಬಿಲ್ಲು ಬರೆದುಕೊಟ್ಟು ಅವರನ್ನು ಕಳಿಸಿದರು. ನಾನು ಕತ್ತಲಾಗುವವರೆಗೆ ಅಲ್ಲೇ ಕುಳಿತು, ಕಪಾಟು ಕಪಾಟು ನೋಡಿ ಸ್ಟಾಕು ತಿದ್ದಿದೆ. ಸಾವಕಾರರು ನಮ್ಮ ಅಪ್ಪನನ್ನು ಬಲ್ಲವರು. ನನಗೆ ಚಹಾ ತರಿಸಿದರು. ಬೈದಿದ್ದರೆ ವಾಸಿ ಇತ್ತು. ನಮ್ಮ ಓಣಿಯ ಬಾಯಿಗೆ ಬರುವಂಥ ಕೆಲಸ ನನ್ನ ಕೈಯದು ಎಂದಾಯಿತಲ್ಲ ಎಂದು ಬಸ್ಸಿನಲ್ಲಿ ಮಕ್ತಲ ಬರುವವರೆಗೂ ಹಲ್ಲು ಕಚ್ಚಿಕೊಂಡಿದ್ದೆ.

ಮ್ಯಾನೇಜರು ಮರುದಿನವೇ ಬಂದರು. ಎಲ್ಲರನ್ನೂ ಹಲಗೆಯ ಮುಂದೆ ಕೂರಿಸಿದರು. ಹುಡುಗ ಮೊದಲೇ ಎದ್ದು, ಆ ಭಾಗ ಬರೆದವರು ಅಕ್ಕ, ನಾನಲ್ಲ ಎಂದ. ಸುಳ್ಳೇನೂ ಅಲ್ಲ, ಬರೆದವಳು ನಾನೇ. ಮ್ಯಾನೇಜರು ನನ್ನ ಕಡೆ ತಿರುಗಿದರು.

“ಇಷ್ಟು ದೊಡ್ಡ ತಪ್ಪು ಒಳಗ ಐತಂತ ನಿಮಗ ಗೊತ್ತಿರಲಿಲ್ಲೇನ್ರಿ?”

“ಗೊತ್ತಿತ್ರಿ ಸರ್,” ಎಂದೆ. “ಹೋದ ವರ್ಷ ಇಲ್ಲೇ ನಿಂತು ಹೇಳಿದ್ನಲ್ರಿ. ಹೇಳಿದ್ದಕ್ಕ ನನಗ ಧೈರ್ಯ ಇಲ್ಲ ಅಂದ್ರಿ.”

ಅವರಿಗೆ ನೆನಪಾಯಿತು. ನೆನಪಾದದ್ದು ಮುಖದಲ್ಲೇ ಕಂಡಿತು. ಆದರೂ ಬಾಯಿ ಬಿಟ್ಟು ಒಪ್ಪುವ ಜಾತಿ ಅಲ್ಲ ಅದು. ಆದದ್ದಾಯಿತು, ಮುಂದೆ ನೋಡೋಣ ಎಂದರು. ನನಗೆ ಕೂಡಲೇ ಎರಡು ವಾರ ಸಿಕ್ಕಿತು. ವರ್ಷ ಪೂರ್ತಿ ಕೇಳಿದರೂ ಸಿಗದ ಎರಡು ವಾರ, ಒಬ್ಬ ತಾಯಿಯನ್ನು ಅಂಗಡಿಯಲ್ಲಿ ಸುಳ್ಳುಗಾತಿ ಮಾಡಿದ ಮೇಲೆ ಸಿಕ್ಕಿತು. ಆಮೇಲೆ, ಹೇಗೂ ಬಂದಿದ್ದೇವೆ, ಈ ವರ್ಷದ ಅಂಕವನ್ನೂ ಮುಗಿಸಿಬಿಡೋಣ ಎಂದು ಮತ್ತೆ ಐದು ಗೆರೆ ಎಳೆದರು. ನಾಚಿಕೆ ಎನ್ನುವುದು ಇದ್ದರೆ ಆ ಪೆನ್ನು ಕೈಗೆ ಬರುತ್ತಿತ್ತೆ?

ನಾನು ಆರೇ ಹಾಕಿದೆ. ಈಗ ಉಳಿದಿರುವ ಊನಗಳನ್ನೂ ಒಂದೊಂದಾಗಿ ಹೇಳಿದೆ. ಈ ಸಲ ಮ್ಯಾನೇಜರು ತಲೆ ಅಲ್ಲಾಡಿಸದೆ ಬರೆದುಕೊಂಡರು, ಅಷ್ಟೇ ಫರಕು. ಹುಡುಗ ಎದ್ದ, ಒಂಬತ್ತು ಬರೆದ. ಈ ಬಾರಿ ನಾನು ಸುಮ್ಮನಿರಲಿಲ್ಲ. ನೀನು ಬರೆದದ್ದರಲ್ಲಿ ಒಂದು ತಪ್ಪು ತೋರಿಸಪ್ಪಾ, ಒಂದೇ ಒಂದು ಎಂದೆ. ಅವನು ಹಲಗೆ ನೋಡಿದ, ಕಿಟಕಿ ನೋಡಿದ. ಕಳ್ಳಾಟವೇನೂ ಇರಲಿಲ್ಲ, ನಿಜವಾಗಿಯೂ ಹುಡುಕಿದ, ಪಾಪ. ಕೊನೆಗೆ, ಏನೂ ಕಾಣವಲ್ದು ಅಕ್ಕಾ ಎಂದು ಕುಳಿತುಕೊಂಡ. ಲೀಡ್ ಜಾಗದಲ್ಲಿ ಅವನೇ ಮುಂದುವರಿದ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಮ್ಯಾನೇಜರು ನನ್ನ ಮೇಜಿಗೆ ಬಂದರು. ಅವನು ಬರೆದದ್ದರಲ್ಲಿ ಏನಾದರೂ ಇದೆಯೇ ಎಂದು ಮೆಲ್ಲಗೆ ಕೇಳಿದರು. ತೆರೆದು ತೋರಿಸಿದೆ. ಇಲ್ಲೊಂದು, ಇಲ್ಲೊಂದು, ಕೆಳಗೆ ಇನ್ನೊಂದು. ನೋಡುತ್ತಾ ನೋಡುತ್ತಾ ಅವರ ಹುಬ್ಬು ಮೇಲೇರಿತು.

“ಇಷ್ಟೆಲ್ಲಾ ಇಟಕೊಂಡು ಒಂಬತ್ತು ಹ್ಯಾಂಗ ಹಾಕ್ಯಾನ್ರೀ ಅವ?”

“ಅವನಿಗ ಇವು ಕಂಡಿಲ್ರಿ ಸರ್,” ಎಂದೆ. “ಕಂಡಿದ್ರ ಅವನೂ ಆರ ಹಾಕ್ತಿದ್ದ.”