ಬೆಳಿಗ್ಗೆಯೇ ಬರೆದಿಟ್ಟ ಮಾತು

ಶಕುನ, ಸೂಚನೆ ಅಂತ ಯಾರಾದರೂ ಶುರು ಮಾಡಿದರೆ ನಾನು ಮುಖದ ಮೇಲೇ ನಗುತ್ತಿದ್ದೆ. ಧಾರವಾಡದಲ್ಲಿ ಮನಃಶಾಸ್ತ್ರದ ಪದವಿ ಓದುತ್ತಿದ್ದವಳು. ಎಲ್ಲಕ್ಕೂ ನನ್ನ ಹತ್ತಿರ ಒಂದು ಹೆಸರಿತ್ತು. ಆ ಸೊಕ್ಕು ಇಳಿದದ್ದು ಹೀಗೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ಕೊನೆಯ ವರ್ಷ ಪ್ರಾಯೋಗಿಕ ಅನುಭವಕ್ಕೆಂದು ನನ್ನನ್ನು ಗಬ್ಬೂರಿನಲ್ಲಿ ಮಾನಸಿಕ ಅಸ್ವಸ್ಥರ ಒಂದು ಹಗಲು ಆರೈಕೆ ಕೇಂದ್ರಕ್ಕೆ ಹಾಕಿದ್ದರು. ಪ್ರತಿ ಗುರುವಾರ ನಾಲ್ಕು ಗಂಟೆಗೆ ಶಾಂತವ್ವ ಎಂಬ ನಡುವಯಸ್ಸಿನ ಹೆಂಗಸಿನ ಎದುರು ಕೂಡಬೇಕು, ನಡೆದದ್ದನ್ನು ಲಾಗ್‌ಬುಕ್ಕಿನಲ್ಲಿ ಬರೆದು ಮಾರ್ಗದರ್ಶಕ ಸರ್ ಸಹಿ ಪಡೆಯಬೇಕು. ಶಾಂತವ್ವ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಸುಧಾರಿಸದಿದ್ದರೆ ದೂರದ ಆಶ್ರಮಕ್ಕೆ ಬಿಟ್ಟುಬಿಡುತ್ತೇನೆ ಎಂದು ಅವಳ ಅಣ್ಣ ಹೇಳಿಟ್ಟಿದ್ದ. ಆರು ವಾರ ಜೊತೆಗೆ ಚಹಾ ಕುಡಿದೆವು. ಆಕೆ ತುಟಿ ಪಿಟಕ್ಕೆನ್ನಲಿಲ್ಲ.

ಏಳನೆಯ ಗುರುವಾರ ಗೆಳತಿಯರು ಸಿನಿಮಾಕ್ಕೆ ಕರೆದರು. ಗೈರುಹಾಜರಿ ಬೀಳಬಾರದಲ್ಲ, ಬೆಳಿಗ್ಗೆಯೇ ಹಾಸ್ಟೆಲಿನಲ್ಲಿ ಕೂತು ಸುಳ್ಳು ಭೇಟಿಯೊಂದನ್ನು ಬರೆದೆ. ಪ್ರಗತಿ ಕಾಣಲೆಂದು ಶಾಂತವ್ವನ ಬಾಯಲ್ಲಿ ಒಂದು ಮಾತನ್ನೂ ಇಟ್ಟೆ: ‘ಇನ್ನೊಂದ ಕಪ್ ತರ್ರಿ, ಒಬ್ಬಾಕಿನ ಹೆಂಗ ಕುಡೀಲಿ?’ ನಾಲ್ಕು ಗಂಟೆಯ ಭೇಟಿಗೆ ಸರ್ ಹನ್ನೆರಡಕ್ಕೇ ಸಹಿ ಹಾಕಿದರು. ಓದಿದರೆ ತಾನೆ!

ಮುಂದಿನ ವಾರ ಹೋದರೆ ಶಾಂತವ್ವ ಇಲ್ಲ. ಆಯಾ ಯಲ್ಲವ್ವ ನನ್ನನ್ನು ನೋಡಿದ್ದೇ ತಡ, ಹರಿಹಾಯ್ದಳು.

“ಹೋದ ಗುರುವಾರ ಎಲ್ಲಿ ಹೋಗಿದ್ರಿ ಅಕ್ಕಾರ? ಅವತ್ತ ಆಕಿ ಮಾತಾಡಿದ್ಲರಿ! ನಾಲ್ಕಕ್ಕ ಚಾ ಕೊಟ್ಟೆ. ನಿಮ್ಮ ಖುರ್ಚಿ ನೋಡಿ, ‘ಇನ್ನೊಂದ ಕಪ್ ತರ್ರಿ, ಒಬ್ಬಾಕಿನ ಹೆಂಗ ಕುಡೀಲಿ’ ಅಂದ್ಲು. ತಂದಿಟ್ಟೆ. ಎರಡೂ ಆರಿ ತಣ್ಣಗಾದ್ವು, ಆಕಿ ಮುಟ್ಟಲಿಲ್ಲ. ಶನಿವಾರ ಅವರಣ್ಣ ಬಂದ ಕರಕೊಂಡ ಹೋದ. ಮಾತಾಡ್ಯಾಳ್ರಿ ಅಂದ್ರ, ‘ನಿನ್ನ ಮಾತ ಯಾರ ನಂಬಬೇಕು, ಓದಿದವರು ಯಾರರ ಕೇಳ್ಯಾರೇನು?’ ಅಂದ.”

ನನ್ನ ಚೀಲದಲ್ಲಿ ಲಾಗ್‌ಬುಕ್ ಇತ್ತು. ಅದೇ ಮಾತು, ಅದೇ ಹೊತ್ತು, ಕೆಳಗೆ ಸಹಿ. ಯಲ್ಲವ್ವನಿಗೆ ತೋರಿಸುವ ಧೈರ್ಯ ಬರಲಿಲ್ಲ. ಅಣ್ಣ ಯಾವ ಆಶ್ರಮವೆಂದು ಹೇಳಿರಲೇ ಇಲ್ಲ. ಎರಡು ತಿಂಗಳು ಹುಡುಕಿದೆ, ಸಿಗಲಿಲ್ಲ.

ಆ ಪುಟವನ್ನು ಸರ್ ತರಗತಿಯಲ್ಲಿ ಓದಿ, “ನೋಡ್ರಿ, ಹಿಂಗ ಬರೀಬೇಕು” ಎಂದರು. ಪೂರ್ತಿ ಅಂಕ ಬಂತು. ಥೂ!

ಕಾಕತಾಳೀಯ ಎನ್ನಿ. ಹಿಂದೆಂದೋ ಆಕೆ ಗೊಣಗಿದ್ದನ್ನು ನಾನೇ ಮರೆತಿದ್ದೆ ಎನ್ನಿ. ಎಲ್ಲವನ್ನೂ ಹೇಳಿಕೊಂಡು ನೋಡಿದ್ದೇನೆ, ಯಾವುದೂ ಒಪ್ಪಿಗೆಯಾಗುತ್ತಿಲ್ಲ. ಆಕೆ ಇನ್ನೂ ಆಡದ ಮಾತು ಬೆಳಿಗ್ಗೆಯೇ ನನ್ನ ಪೆನ್ನಿಗೆ ಹೇಗೆ ಬಂತು, ಇಂದಿಗೂ ತಿಳಿಯದು. ಆಡಿದಾಗ ಕೇಳಬೇಕಾದವಳು ಥಿಯೇಟರಿನಲ್ಲಿ ನಗುತ್ತಿದ್ದಳು.