ತಿರುಗುತ್ತಲೇ ನಿಂತ ಇಟ್ಟಂಗಿ

ಕೆಲವು ವಿವರಗಳು ತಪ್ಪಿರಬಹುದು. ಅಂಗಡಿಯ ಕಂಪ್ಯೂಟರಿನಲ್ಲಿ ಬೀಳುತ್ತಿದ್ದ ಇಟ್ಟಂಗಿಗಳು ಕೆಂಪಗಿದ್ದವು ಎಂದು ನನ್ನ ನೆನಪು. ಆದರೆ ಆ ಆಟದ ಹಳೆಯ ಚಿತ್ರಗಳನ್ನು ಮೊನ್ನೆ ಹುಡುಕಿ ನೋಡಿದರೆ ಅವುಗಳಲ್ಲಿ ಕೆಂಪು ಬಣ್ಣವೇ ಇಲ್ಲ. ಬಣ್ಣದ ವಿಷಯದಲ್ಲೇ ಹೀಗಾದರೆ ಯಾರು ಯಾವಾಗ ಏನು ಅಂದರು ಎಂಬುದರಲ್ಲಿ ನನ್ನನ್ನು ಎಷ್ಟು ನಂಬಬೇಕೋ ತಿಳಿಯದು. ಅದರಲ್ಲೂ ನೆನಪು ನನ್ನ ಪರವಾಗಿ ಸಾಕ್ಷಿ ಹೇಳತೊಡಗಿದರೆ ನನಗೆ ಅನುಮಾನ ಹೆಚ್ಚು.

ಅಂಗಡಿ ಅಪ್ಪನದು, ಗಡಿಯಾಚೆಯ ನಮ್ಮೂರು ಜತ್ತದ ಬಸ್ ಸ್ಟ್ಯಾಂಡಿನ ಹತ್ತಿರ. ಝೆರಾಕ್ಸ್, ಲಗ್ನಪತ್ರಿಕೆ, ಕಂಪ್ಯೂಟರಿನಲ್ಲಿ ಅರ್ಜಿ ಬರೆದುಕೊಡುವುದು. ಅಪ್ಪ ಮುದ್ರಣದ ಕೆಲಸಕ್ಕೆ ಸಾಂಗಲಿ, ಮಿರಜ ಎಂದು ತಿರುಗುತ್ತಿದ್ದ. ಅಂಗಡಿಯಲ್ಲಿ ಕೂಡುತ್ತಿದ್ದವಳು ಅತ್ತಿ, ಅಪ್ಪನ ತಂಗಿ. ನಾನು ಹುಟ್ಟುವ ಮೊದಲೇ ಗಂಡನ ಮನೆ ಬಿಟ್ಟು ಬಂದವಳು. ಅವಳ ಬಲಗೈ ಎಂದೋ ಮುರಿದು, ಸರಿಯಾಗಿ ಕೂಡದೆ, ಬೆರಳುಗಳು ಸೆಟೆದುಕೊಂಡಿದ್ದವು. ಹೇಗೆ ಮುರಿಯಿತು ಎಂದರೆ ಒಮ್ಮೆ ನಿಚ್ಚಣಿಕೆಯಿಂದ ಬಿದ್ದೆ ಅನ್ನುತ್ತಿದ್ದಳು, ಇನ್ನೊಮ್ಮೆ ಚಕ್ಕಡಿಯಿಂದ. ಎರಡರಲ್ಲಿ ಯಾವುದು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ತೊಂಬತ್ತರ ದಶಕದಲ್ಲಿ, ನಾನಿನ್ನೂ ಸಾಲಿಗೆ ಹೋಗುತ್ತಿದ್ದಾಗ, ಅಪ್ಪ ಟಿವಿಗೆ ಜೋಡಿಸುವ ವಿಡಿಯೋ ಗೇಮ್ ತಂದಿದ್ದ. ಅಣ್ಣ ಮತ್ತು ನಾನು ಆಡುತ್ತಿದ್ದೆವು, ಅತ್ತಿ ಹಿಂದೆ ಕೂತು ಬೈಯುತ್ತಿದ್ದಳು. "ಜಿಗಿ, ಜಿಗಿಯೋ! ಅಯ್ಯ, ಬಿದ್ದ ನೋಡು ಬಾಂವ್ಯಾಗ. ಕಣ್ಣು ಅದಾವೋ ಗುಂಡಿ ಅದಾವೋ ನಿನಗ?" ಒಂದು ದಿನ ತನಗೂ ಕೊಡಿ ಅಂದಳು. ಆ ರಿಮೋಟಿಗೆ ಎರಡೂ ಕೈಯ ಹೆಬ್ಬೆರಳು ಚುರುಕಾಗಿರಬೇಕು. ಅವಳ ಗೊಂಬೆ ಮೊದಲ ತಗ್ಗಿನಲ್ಲೇ ಬಿತ್ತು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳೂ ನಕ್ಕಳು ಎಂದು ನೆನಪು. ಮುಂದೆ ಮಾತ್ರ ಎಂದೂ ಕೇಳಲಿಲ್ಲ.

ಮುಂದಿನ ದಶಕದ ಮೊದಲ ವರ್ಷಗಳಲ್ಲಿ ನಾನು ಧಾರವಾಡದಲ್ಲಿ ಕಂಪ್ಯೂಟರ್ ಓದುತ್ತಿದ್ದೆ. ಮುಕ್ತ ತಂತ್ರಾಂಶದ ಹುಚ್ಚು ಹಿಡಿದದ್ದು ಅಲ್ಲಿ. ಒಬ್ಬರು ಬರೆದ ಪ್ರೋಗ್ರಾಮನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಇಡೀ ಆಪರೇಟಿಂಗ್ ಸಿಸ್ಟಮ್ಮನ್ನೇ ಹಾಗೆ ಊರೂರಿನ ಜನ ಕೂಡಿ ಕಟ್ಟುತ್ತಿದ್ದರು. ಅಂಗಡಿಯ ಕಂಪ್ಯೂಟರಿಗೆ ಗಿರಾಕಿಗಳ ಫ್ಲಾಪಿಯಿಂದ ದಿನಾ ವೈರಸ್ ಬರುತ್ತಿತ್ತು. ಒಂದು ರಜೆಯಲ್ಲಿ ಹಳೆಯದನ್ನು ತೆಗೆದು ಇದನ್ನು ಹಾಕಿಕೊಟ್ಟೆ. ಇದರ ಜೊತೆಗೆ ಪುಟ್ಟ ಪುಟ್ಟ ಆಟಗಳೂ ಬಂದವು. ಒಂದರಲ್ಲಿ ಮೇಲಿನಿಂದ ಬೇರೆ ಬೇರೆ ಆಕಾರದ ತುಂಡುಗಳು ಇಳಿಯುತ್ತವೆ. ತಿರುಗಿಸಿ, ಸರಿಸಿ, ಸಂದಿಯಿಲ್ಲದಂತೆ ಕೂಡಿಸಬೇಕು. ಸಾಲು ತುಂಬಿದರೆ ಅಳಿಯುತ್ತದೆ, ರಾಶಿ ಮೇಲಕ್ಕೆ ಮುಟ್ಟಿದರೆ ಆಟ ಮುಗಿಯುತ್ತದೆ. ಅತ್ತಿ ಅದನ್ನು ಇಟ್ಟಂಗಿ ಆಟ ಅಂದಳು. ಎಡಗೈಯಿಂದ ಸರಿಸುವುದು, ಬಲಗೈಯ ಸೆಟೆದ ಬೆರಳಿನಿಂದ ತಿರುಗಿಸುವ ಕೀಲಿ ಒತ್ತುವುದು. ಅಷ್ಟು ಮಾತ್ರ ಆ ಬೆರಳಿಗೆ ಆಗುತ್ತಿತ್ತು, ಅಷ್ಟೇ ಸಾಕಾಗಿತ್ತು.

ಮುಂದಿನ ದೀಪಾವಳಿಗೆ ನಾನು ಊರಿಗೆ ಬರುವ ಹೊತ್ತಿಗೆ ಅವಳು ನನ್ನನ್ನು ಎಷ್ಟೋ ಮೀರಿಸಿದ್ದಳು. ಶೇಗಾಂವದ ರೈತರೊಬ್ಬರು ಹೊಲದ ಉತಾರಾ ಹಿಡಿದುಕೊಂಡು ಅಂಗಡಿಯಲ್ಲಿ ನಿಂತಿದ್ದರು.

"ಅಕ್ಕಾರ, ಲಗೂನ ಝೆರಾಕ್ಸ್ ತಕ್ಕೊಡ್ರಿ, ಬಸ್ ಬಂದೈತಿ."

"ಕುಂದ್ರಿ ಸ್ವಲ್ಪ. ಇಲ್ಲಿ ಗ್ವಾಡಿ ಬೀಳಾಕತ್ತೈತಿ."

"ಬಸ್ ಹೋದ್ರ ನಿಮ್ಮ ಗ್ವಾಡಿ ಮ್ಯಾಲ ಕುಂತು ಊರಿಗೆ ಹೋಗ್ಲೇನ್ರಿ?"

ಅತ್ತಿ ಬಲಗೈಯ ಬೆರಳಿನಿಂದ ಟಕಟಕ ಒತ್ತುತ್ತಲೇ, ಎಡಗೈಯಲ್ಲಿ ಉತಾರಾ ಇಸಿದುಕೊಂಡು ಯಂತ್ರಕ್ಕೆ ಹಾಕಿ, ಪ್ರತಿ ತೆಗೆದುಕೊಟ್ಟಳು. ಅಷ್ಟು ಹೊತ್ತೂ ಪರದೆಯ ಮೇಲೆ ಒಂದು ಇಟ್ಟಂಗಿ ಗೋಡೆಗೆ ತಾಗಿಯೂ ತಾಗದಂತೆ ಗಿರಗಿರ ತಿರುಗುತ್ತಿತ್ತು. ಕೂತುಕೊಳ್ಳಲೇ ಇಲ್ಲ.

"ಅದ್ಯಾಂಗ ಅತ್ತಿ?" ಅಂದೆ.

"ಬಾ ಇಲ್ಲಿ, ದೊಡ್ಡ ಕಲ್ತಾಕಿ. ಇಟ್ಟಂಗಿ ಮುಟ್ಟೂ ಹೊತ್ತಿಗೆ ತಿರುಗಸಬೇಕು. ತಿರುಗಿಸ್ಕೋತನ ಇದ್ರ ಅದು ಕುಂದ್ರಂಗಿಲ್ಲ. ನಾ ಹೂಂ ಅನ್ನೂತನಕ ಕುಂದ್ರಂಗಿಲ್ಲ. ಅಷ್ಟ್ರಾಗ ಎಲ್ಲಿ ಇಡಬೇಕು ಅಂತ ವಿಚಾರ ಮಾಡಬಹುದು, ಕೈಗೂ ಪುರಸೊತ್ತು ಸಿಗತೈತಿ."

"ಇದು ಆಟದೊಳಗಿನ ತಪ್ಪು, ಅತ್ತಿ."

"ಯಾರ ತಪ್ಪು? ನಾ ಏನ್ ಕದ್ದೇನಿ? ಅದು ನಿಂದರತೈತಿ, ನಾ ನಿಂದರಸ್ತೀನಿ."

ಧಾರವಾಡಕ್ಕೆ ಮರಳಿದ ಮೇಲೆ ಆ ಆಟದ ಮೂಲ ಬರಹವನ್ನು ತೆರೆದು ನೋಡಿದೆ. ಅವಳು ಹೇಳಿದಂತೆಯೇ ಇತ್ತು. ಪ್ರತಿ ಸಲ ತಿರುಗಿಸಿದಾಗಲೂ ಇಟ್ಟಂಗಿ ಕೂಡುವ ಗಡುವು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಗಡುವು ಒಮ್ಮೆ ಶುರುವಾದರೆ ಮತ್ತೆ ಬದಲಾಗದಂತೆ ತಿದ್ದಿ, ತಿದ್ದುಪಡಿಯನ್ನು ಆಟ ಕಟ್ಟಿದ ಗುಂಪಿಗೆ ಕಳಿಸಿದೆ. ಅದು ನನ್ನ ಮೊದಲ ತಿದ್ದುಪಡಿ. ಆಟವನ್ನು ನೋಡಿಕೊಳ್ಳುತ್ತಿದ್ದ, ಯಾವುದೋ ದೂರದ ದೇಶದ ಒಬ್ಬರು ಒಳ್ಳೆಯ ಕೆಲಸ ಎಂದು ಉತ್ತರಿಸಿದರು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ್ದು ನಿಮಗೆ ಹೇಗೆ ಕಂಡಿತು ಎಂದೂ ಕೇಳಿದರು. ಆಟವನ್ನು ಪರೀಕ್ಷೆ ಮಾಡುವಾಗ ಕಂಡಿತು ಎಂದು ಬರೆದೆ. ಅತ್ತಿಯ ಮಾತೇ ಎತ್ತಲಿಲ್ಲ. ಎತ್ತಿದ್ದರೆ ನನ್ನ ಬೆಲೆ ಕಡಿಮೆಯಾಗುತ್ತಿತ್ತೇ? ಆಗುತ್ತದೆ ಎಂದು ಆಗ ಅನ್ನಿಸಿರಬೇಕು. ಹಾಸ್ಟೆಲಿನಲ್ಲಿ ಗೆಳತಿಯರಿಗೆ ಪೇಢೆ ಹಂಚಿದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಬೇಸಿಗೆ ರಜೆಯಲ್ಲಿ ಅಪ್ಪನ ಹೊಸ ಪ್ರಿಂಟರ್ ಹಳೆಯ ಸಿಸ್ಟಮ್ಮಿಗೆ ಹೊಂದಲಿಲ್ಲ. ನನ್ನ ಹತ್ತಿರ ಹೊಸ ಆವೃತ್ತಿಯ ಸಿಡಿ ಇತ್ತು. ಹಾಕುವಾಗ ಅತ್ತಿ ಪಕ್ಕದಲ್ಲಿ ನಿಂತಿದ್ದಳು.

"ನನ್ನ ಆಟಕ್ಕ ಏನೂ ಆಗೂದಿಲ್ಲಲ್ಲ ಮತ್ತ?"

"ಏನೂ ಆಗೂದಿಲ್ಲ ಅತ್ತಿ. ಇನ್ನೂ ಚಲೋ ಆಗತೈತಿ."

ಆ ಸಿಡಿಯಲ್ಲಿ ನನ್ನ ತಿದ್ದುಪಡಿ ಸೇರಿದೆ ಎಂಬುದನ್ನು ಆ ಗಳಿಗೆಯಲ್ಲಿ ಮರೆತಿದ್ದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಮರೆತಿದ್ದರೆ 'ಇನ್ನೂ ಚಲೋ' ಎಂಬ ಮಾತು ಎಲ್ಲಿಂದ ಬಂತು?

ಮರುದಿನ ಅವಳ ಗೋಡೆ ಮೇಲಕ್ಕೆ ಮುಟ್ಟಿತು. ಮತ್ತೆ ಆಡಿದಳು, ಮತ್ತೆ ಮುಟ್ಟಿತು. ಇಟ್ಟಂಗಿಗಳು ಅವಳು ಹೂಂ ಅನ್ನುವುದಕ್ಕೆ ಕಾಯದೆ ಸಿಕ್ಕಲ್ಲಿ ಕೂತುಬಿಡುತ್ತಿದ್ದವು. ಅವಳು ಬೆರಳನ್ನು ಇನ್ನೂ ಜೋರಾಗಿ ಒತ್ತಿದಳು. ಆಟವನ್ನು ಅವಳು ಅನುಮಾನಿಸಲೇ ಇಲ್ಲ.

"ಕೈ ಯಾಕೋ ಮಾತು ಕೇಳವಲ್ದು," ಅಂದಳು.

ಅಪ್ಪ ಚೇಷ್ಟೆ ಮಾಡಿದ: "ಮೇಸ್ತ್ರಿಬಾಯಾರು ಇನ್ನ ರಿಟೈರ್ ಆಗ್ರಿ."

 ಯಾರ ಮಾತನ್ನೂ ಹಾಗೇ ಬಿಟ್ಟವಳಲ್ಲ ಅವಳು, ಆ ದಿನ ಕುರ್ಚಿ ಬಿಟ್ಟು ಎದ್ದಳು. ಆ ವಾರವೆಲ್ಲ ಎಣ್ಣೆ ಬಿಸಿ ಮಾಡಿ ಬೆರಳಿಗೆ ತಿಕ್ಕಿದಳು. ಅಂಗಿಯ ಗುಂಡಿ ಹಾಕಲು, ರೊಟ್ಟಿ ತಟ್ಟಲು ಕೈ ಮೊದಲು ಎಷ್ಟು ಬರುತ್ತಿತ್ತೋ ಈಗಲೂ ಅಷ್ಟೇ ಬರುತ್ತಿತ್ತು. ಆದರೂ ಇದ್ದದ್ದೂ ಹೊರಟಿತು ಎಂದು ಅವಳಿಗೆ ಖಾತ್ರಿಯಾಗಿತ್ತು. ಮಿರಜದ ದೊಡ್ಡ ದವಾಖಾನೆಗೆ ತೋರಿಸಬೇಕು, ನೀನೂ ಬಾ ಅಂದಳು.

ಹೋದೆ. ನಿಜ ಹೇಳದೆ ಯಾಕೆ ಹೋದೆನೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬಸ್ಸಿನಲ್ಲಿ ಡಫಳಾಪುರ ದಾಟುವವರೆಗೆ ಹೇಳಿಬಿಡಬೇಕು ಎಂದುಕೊಂಡೆ, ದಾಟಿದ ಮೇಲೆ ಡಾಕ್ಟರು ನೋಡಿದ ಮೇಲೆ ಹೇಳೋಣ ಎಂದುಕೊಂಡೆ. ಹೇಳಿದರೆ ಹಳೆಯದನ್ನೇ ಹಾಕಿಕೊಡು ಅನ್ನುತ್ತಿದ್ದಳು. ತಪ್ಪು ಎಂದು ಗೊತ್ತಿದ್ದದ್ದನ್ನು ಮತ್ತೆ ಹಾಕುವುದು ಹೇಗೆ ಎಂದು ಆಗ ವಾದ ಹೂಡುತ್ತಿದ್ದೆ, ನನ್ನೊಳಗೇ. ಬಹುಶಃ ಅದು ನೆಪ. ತಿದ್ದುಪಡಿಯ ಮೂಲ ಅವಳು ಎಂದು ಒಪ್ಪಬೇಕಾಗುತ್ತಿತ್ತು, ಅದೇ ಕಷ್ಟವಾಗಿತ್ತು.

ಡಾಕ್ಟರು ಬೆರಳುಗಳನ್ನು ಮಡಚಿಸಿ, ಬಿಡಿಸಿ, ಹಳೆಯ ಮುರಿತ, ಹೊಸದೇನೂ ಇಲ್ಲ, ಮೊದಲು ಹೇಗಿತ್ತೋ ಹಾಗೇ ಇದೆ ಎಂದು ಮರಾಠಿಯಲ್ಲಿ ಹೇಳಿದರು. ಅತ್ತಿ ನಂಬಲಿಲ್ಲ. "ಮೊದಲ ಹ್ಯಾಂಗಿತ್ತು ಅಂತ ಇವರಿಗೇನ್ ಗೊತ್ತು?" ಎಂದು ಹೊರಗೆ ಬಂದ ಮೇಲೆ ನನ್ನನ್ನು ಕೇಳಿದಳು. ನನಗೆ ಗೊತ್ತಿತ್ತು. ಬಸ್ಸಿನ ಕಡೆ ನಡೆದೆ. ಮರಳುವ ಬಸ್ಸಿನಲ್ಲಿ ಬಹಳ ಹೊತ್ತಾದ ಮೇಲೆ ಅವಳು ನನ್ನ ಮುಖ ನೋಡಿದಳು.

"ನಿನಗ್ಯಾಕ ಬಾಯಿ ಕಟ್ಟೈತಿ? ಕೈ ನಂದು, ಸೂತಕದ ಮಾರಿ ನಿಂದು."

ತಮಾಷೆ ಎಂದೇ ಆಗ ತಿಳಿದುಕೊಂಡೆ. ಅವಳ ಕಣ್ಣು ಹೇಗಿತ್ತು ಎಂದು ನೆನಪಿಸಿಕೊಳ್ಳಲು ಎಷ್ಟೋ ಸಲ ಯತ್ನಿಸಿದ್ದೇನೆ, ಆಗಿಲ್ಲ.

ಅವಳು ಆಟ ಬಿಟ್ಟಳು. ಗಿರಾಕಿ ಇಲ್ಲದಾಗ ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ಅಂಗಡಿಯ ಬಾಗಿಲಿಗೆ ಎಳೆದುಕೊಂಡು ಬಸ್ಸು ನೋಡುತ್ತ ಕೂಡುತ್ತಿದ್ದಳು. ನಾನು ಆ ಗುಂಪಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದೆ, ಬೇರೆಯವರ ತಿದ್ದುಪಡಿಗಳನ್ನು ಒರೆಗೆ ಹಚ್ಚುವಷ್ಟು ದೊಡ್ಡವಳಾದೆ. ಇದರಿಂದ ಯಾರಿಗೆ ತೊಂದರೆಯಾಗಬಹುದು ಎಂದು ಹೊಸಬರನ್ನು ಕೇಳುವ ರೂಢಿ ಇಟ್ಟುಕೊಂಡಿದ್ದೆ. ಮೊದಲ ಸಲ ಹಾಗೆ ಬರೆದಾಗ ನನ್ನ ಬಗ್ಗೆಯೇ ನನಗೆ ನಾಚಿಕೆಯಾಯಿತು.

ಕೊನೆಗೆ, ಎಷ್ಟೋ ತಡವಾಗಿ, ಆಟವನ್ನು ಮೊದಲಿನ ಹಾಗೆ ಮಾಡಿ ಅಂಗಡಿಯ ಕಂಪ್ಯೂಟರಿಗೆ ಹಾಕಿದೆ. ಕಷ್ಟವೇನಿರಲಿಲ್ಲ, ಒಂದು ಮಧ್ಯಾಹ್ನದ ಕೆಲಸವೂ ಅಲ್ಲ. ಅಷ್ಟು ಸುಲಭ ಎಂಬುದೇ ಚುಚ್ಚಿತು. ಬಂದು ಕೂಡು ಎಂದು ಅತ್ತಿಯನ್ನು ಕರೆದೆ. ಅವಳು ಎಡಗೈಯಲ್ಲಿ ಕತ್ತರಿ ಹಿಡಿದು ಲಗ್ನಪತ್ರಿಕೆಗಳ ಅಂಚು ಕತ್ತರಿಸುತ್ತಿದ್ದಳು.

"ಈಗ್ಯಾಕ ಬೇಕವ್ವ ಆ ಆಟ? ಕಣ್ಣೂ ಸಾಲಂಗಿಲ್ಲ," ಅಂದಳು.

ಆಗ ಹೇಳಿದೆ. ಇಟ್ಟಂಗಿ ನಿಲ್ಲದಂತೆ ಮಾಡಿದವಳು ನಾನು, ನಿನ್ನಿಂದಲೇ ಕಲಿತು ಮಾಡಿದೆ, ನಿನ್ನ ಕೈಗೆ ಏನೂ ಆಗಿರಲಿಲ್ಲ ಎಂದು. ಕತ್ತರಿ ನಿಂತಿತು. ಮತ್ತೆ ನಡೆಯಿತು. ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ನಾನು ಇನ್ನೊಂದು ಮಾತು ಕೇಳಿದೆ. ಅದಾದ ಮೇಲೆ ಎಷ್ಟೋ ಸಲ ಊರಿಗೆ ಹೋಗಿದ್ದೇನೆ. ಅವಳು ಮಳೆ, ಜೋಳ, ಯಳವಿಯ ಬೀಗರು, ಎಲ್ಲದರ ಬಗ್ಗೆಯೂ ಮಾತಾಡುತ್ತಾಳೆ. ಆ ಮಾತಿಗೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ.

"ಅತ್ತಿ, ಮಿರಜಕ್ಕ ನನ್ನ ಜೋಡಿ ಕರಕೊಂಡು ಹೋದಾಗ ನಿನಗಿದು ಗೊತ್ತಿತ್ತೇನು?"