ಸಾವ್ಕಾರನ ಲಾರಿಯಲ್ಲಿ ಕಾವಲಿಗೆ ಕೂತೆ

ಆಗ ನನಗೆ ಅರವತ್ತೆಂಟು. ಈಗ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು, ಚಳಿಗಾಲದ್ದು. ಗೋವಾದ ವಾಸ್ಕೋದಲ್ಲಿ ಲಾರಿ ಸ್ಟ್ಯಾಂಡಿನ ಗೋಡೆಗೆ ಹತ್ತಿಕೊಂಡು ನನ್ನದೊಂದು ಚಹಾದ ಗಾಡಿ ಇದೆ. ಚಹಾ, ಉಪ್ಪಿಟ್ಟು, ಮಿರ್ಚಿ. ವಿಜಾಪುರ ಕಡೆಯಿಂದ ದುಡಿಯಲು ಬಂದವರೇ ಗಿರಾಕಿಗಳು. ನಾನೂ ಹಾಗೇ ಬಂದವಳು.

ನನ್ನ ತಂಗಿಯ ಮಗ ಭೀಮಪ್ಪ ಅದೇ ಸ್ಟ್ಯಾಂಡಿನಲ್ಲಿ ಗುರಪ್ಪ ಸಾವ್ಕಾರನ ಲಾರಿ ಓಡಿಸುತ್ತಾನೆ. ಹಳೇ ಲಾರಿ. ಕಾಣಕೋಣಕ್ಕೆ ಸಿಮೆಂಟು ಹೊರುವುದು ಅದರ ಕೆಲಸ. ಆ ವರ್ಷ ದೀಪಾವಳಿ ಮುಗಿದ ಮೇಲೆ ಅದಕ್ಕೆ ಏನೋ ರೋಗ ಹತ್ತಿತು. ಬೆಳಿಗ್ಗೆ ಚಾಲೂ ಆಗುತ್ತಿರಲಿಲ್ಲ. ಭೀಮ್ಯಾ ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯನ್ನು ನನ್ನ ಒಲೆಗೆ ಹಿಡಿದು ಹೊತ್ತಿಸಿಕೊಂಡು ಹೋಗಿ, ಇಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಹಿಡಿಯುತ್ತಿದ್ದ. ಬಿಸಿ ಗಾಳಿ ಒಳಗೆ ಹೋದ ಮೇಲೆ ಅದು ಕೆಮ್ಮಿ ಕೆಮ್ಮಿ ಏಳುತ್ತಿತ್ತು. ಎದ್ದರೆ ಬಿಳಿ ಹೊಗೆ. ಗಿರಾಕಿಗಳು ಕಣ್ಣು ಒರೆಸಿಕೊಳ್ಳುತ್ತ ಉಪ್ಪಿಟ್ಟು ತಿನ್ನಬೇಕು. ದೂರ ಒಯ್ದು ಚಾಲೂ ಮಾಡು ಎಂದು ದಿನಾ ಬೈಯುತ್ತಿದ್ದೆ. ಚಾಲೂ ಆದರೆ ತಾನೇ ದೂರ ಒಯ್ಯುವುದು ದೊಡವ್ವಾ, ಎನ್ನುತ್ತಿದ್ದ.

ಅದರ ಜೊತೆಗೆ ಎವರೇಜ್ ಬಿತ್ತು. ಅಂದರೆ ಅದೇ ದಾರಿಗೆ ಮೊದಲಿಗಿಂತ ಹೆಚ್ಚು ಡೀಸೆಲ್ ಕುಡಿಯತೊಡಗಿತು. ಸಾವ್ಕಾರ ಟ್ಯಾಂಕಿನಲ್ಲಿ ಕೋಲು ಇಳಿಸಿ ಅಳೆಯುವ ಮನುಷ್ಯ. ಎವರೇಜ್ ಬಿತ್ತು ಅಂದರೆ ಡ್ರೈವರ್ ಡೀಸೆಲ್ ಮಾರಿಕೊಂಡ ಎಂದೇ ಮಾಲಕರು ತಿಳಿಯುವುದು. ಒಂದು ಮುಂಜಾನೆ ನನ್ನ ಗಾಡಿಯ ಮುಂದೆ ಎಲ್ಲ ಡ್ರೈವರುಗಳು ನಿಂತಿರುವಾಗಲೇ ಕೋಲು ಹಿಡಿದುಕೊಂಡು ಬಂದ.

"ಭೀಮ್ಯಾ, ನೀ ಡೀಸೆಲ್ ಕದ್ದು ಮಾರಾಕತ್ತಿ. ಶನಿವಾರ ಚಾವಿ ಕೊಟ್ಟು ಹೋಗು."

ಒಂದು ಲಾರಿ ಹೋದರೆ ಇನ್ನೊಂದು ಸಿಗುತ್ತದೆ. ಆದರೆ ಡೀಸೆಲ್ ಕಳ್ಳ ಎಂದು ಹೆಸರು ಬಿದ್ದವನಿಗೆ ಇಲ್ಲಿಂದ ಕೊರ್ಲಿಮ್‌ ತನಕ ಯಾರೂ ಚಾವಿ ಕೊಡುವುದಿಲ್ಲ. ಭೀಮ್ಯಾ ದೇವರ ಮೇಲೆ ಆಣೆ ಮಾಡಿದ. ಡ್ರೈವರುಗಳ ಆಣೆ ನಾನು ಬಹಳ ಕೇಳಿದ್ದೇನೆ. ಅವನು ಕದ್ದಿಲ್ಲ ಎಂದು ನನಗೇನೂ ಖಾತ್ರಿ ಇರಲಿಲ್ಲ. ಆದರೆ ಆ ಡೀಸೆಲ್ ಹೋಗುವುದಾದರೂ ಎಲ್ಲಿಗೆ ಎನ್ನುವುದು ತಲೆಯಲ್ಲಿ ಹೊಕ್ಕು ಕೂತಿತು. ಮಾರಿದ್ದರೆ ಯಾರಿಗೆ? ಮಾರದಿದ್ದರೆ ಎಲ್ಲಿ?

"ಸಾವ್ಕಾರ್ರ, ನಾಳೆ ನಾ ಲಾರ್ಯಾಗ ಕುಂದರ್ತೀನಿ," ಎಂದೆ. "ಹೋಗುಮುಂದ ಕೋಲ್ ಹಾಕ್ರಿ, ಬಂದ ಮ್ಯಾಲೂ ಹಾಕ್ರಿ. ನಡುವ ಒಂದು ಹನಿ ಮಾರಿದ್ರ ನಾನ ಹೇಳ್ತೀನಿ."

"ಯವ್ವಾ, ಅಂವ ನಿನ್ನ ತಂಗಿ ಮಗ ಅಲ್ಲೇನು?"

"ತಂಗಿ ಮಗ ಖರೇ. ನನ್ನ ಬಾಯಿ ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿತ್ತು. ಒಪ್ಪಿಕೊಂಡ.

ಮರುದಿನ ಗಾಡಿ ಮುಚ್ಚಿ ಲಾರಿ ಹತ್ತಿದೆ. ಭೀಮ್ಯಾ ದಾರಿಯಲ್ಲಿ ಒಂದಕ್ಕೆ ಇಳಿದರೆ ನಾನೂ ಇಳಿದು ಟ್ಯಾಂಕಿನ ಹತ್ತಿರ ನಿಲ್ಲುತ್ತಿದ್ದೆ. ಇಷ್ಟು ಕಾಯಬೇಡ ದೊಡವ್ವಾ, ನನಗೆ ಆಗಬೇಕಾದ್ದೂ ಆಗುವುದಿಲ್ಲ ಎಂದ. ಕಾಣಕೋಣದಲ್ಲಿ ಸಿಮೆಂಟು ಇಳಿಸುವಾಗ ಟ್ಯಾಂಕಿನ ಪಕ್ಕದಲ್ಲೇ ಕೂತು ರೊಟ್ಟಿ ತಿಂದೆ. ಹಮಾಲರು ನೋಡಿ ನಕ್ಕರು. ಒಂದು ಹನಿಯೂ ಹೊರಗೆ ಹೋಗಲಿಲ್ಲ. ಸಂಜೆ ಬಂದ ಮೇಲೆ ಸಾವ್ಕಾರ ಕೋಲು ಇಳಿಸಿದ. ದಿನಾ ಬೀಳುತ್ತಿದ್ದಷ್ಟೇ ಕಡಿಮೆ. ಕೋಲು ನೋಡಿದ, ನನ್ನನ್ನು ನೋಡಿದ, ಮತ್ತೆ ಕೋಲು ನೋಡಿದ. ಹಾಗಾದರೆ ಎಲ್ಲಿ ಹೋಯಿತು ಎಂದು ನನ್ನನ್ನೇ ಕೇಳಿದ. ನಾನೂ ಅದನ್ನೇ ಕೇಳುತ್ತಿದ್ದೇನೆ ಎಂದೆ.

ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನ ಶಾಂತಾರಾಮ ಮಿಸ್ತ್ರಿಯನ್ನು ಕರೆಸಿದೆವು. ಅವನು ಗೋವಾದವನೇ, ನಮ್ಮ ಡ್ರೈವರುಗಳ ಜೊತೆ ಬೈದಾಡಿ ಬೈದಾಡಿ ಕನ್ನಡ ಕಲಿತವನು. ರಾತ್ರಿಯೆಲ್ಲ ಲಾರಿ ಹಾಗೇ ನಿಲ್ಲಲಿ, ತಾನು ಬರುವವರೆಗೆ ಬೆಳಿಗ್ಗೆ ಯಾರೂ ಮುಟ್ಟಬೇಡಿ ಎಂದ. ಬಂದವನು ಬ್ಯಾಟರಿ ನೋಡಿದ. ಡೀಸೆಲ್ ಪೈಪಿನ ಜೋಡುಗಳನ್ನೆಲ್ಲ ಒಣ ಬಟ್ಟೆಯಿಂದ ಒರೆಸಿ ನೋಡಿದ. ನಾನು ಅವನ ಬೆನ್ನ ಹಿಂದೆಯೇ ಇದ್ದೆ. ಅದೇಕೆ ಒರೆಸುತ್ತೀ ಎಂದರೆ, ಸೋರುತ್ತಿದ್ದರೆ ಬಟ್ಟೆ ಒದ್ದೆಯಾಗುತ್ತದೆ ಎಂದ. ಪೈಪು ಗಾಳಿ ಎಳೆದುಕೊಂಡರೆ ರಾತ್ರಿ ಡೀಸೆಲ್ ಹಿಂದೆ ಸರಿದು ಬೆಳಿಗ್ಗೆ ಚಾಲೂ ಆಗುವುದಿಲ್ಲವಂತೆ. ಅದಲ್ಲ. ಗಾಳಿ ಸೋಸುವ ಫಿಲ್ಟರನ್ನು ತೆಗೆದು ಬಿಸಿಲಿಗೆ ಹಿಡಿದ. ಅದೂ ಅಲ್ಲ. ಗಾಲಿಯನ್ನು ಜಾಕಿನ ಮೇಲೆ ಎತ್ತಿ ತಿರುಗಿಸಿದ, ಬ್ರೇಕು ಹಿಡಿದುಕೊಂಡಿದೆಯೇನೋ ಎಂದು. ಅದೂ ಅಲ್ಲ.

ಆಮೇಲೆ ಚಾಲೂ ಮಾಡಿಸಿದ. ಹೊಗೆ ಎದ್ದಿತು. ಮೂಸಿ ನೋಡು ಮಾವ್ಶಿ, ಎಂದು ನನ್ನನ್ನು ಕರೆದ. ಕಪ್ಪು ಹೊಗೆಯಾದರೆ ಗಾಳಿ ಸಾಲದು, ನೀಲಿಯಾದರೆ ಆಯಿಲ್ ಸುಡುತ್ತಿದೆ, ಹೀಗೆ ಬೆಳ್ಳಗಿದ್ದು ಕಣ್ಣು ಉರಿದರೆ ಅದು ಸುಡದೇ ಹೊರಬಿದ್ದ ಡೀಸೆಲ್ ಎಂದ. ಅಲ್ಲಿಗೆ, ಇಷ್ಟು ದಿನ ಡೀಸೆಲ್ ನಮ್ಮ ಕಣ್ಣಿಗೇ ಬರುತ್ತಿತ್ತು.

ಘಾಟಿನ ರಸ್ತೆ ಏರುವಾಗ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಎಲ್ಲಿಗೆ ಹೋಗುತ್ತದೆ ಎಂದು ಭೀಮ್ಯಾನನ್ನು ಕೇಳಿದ.

"ಏಳೂದ ಇಲ್ಲ," ಎಂದ ಭೀಮ್ಯಾ, ದೊಡ್ಡಸ್ತಿಕೆಯಿಂದ. "ಎಷ್ಟ ಹೇರಿದ್ರೂ ಇಂಜಿನ್ ತಣ್ಣಗ ಇರ್ತೈತಿ."

ಮಿಸ್ತ್ರಿ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ನಕ್ಕ. ತಣ್ಣಗಿದ್ದರೆ ಚಲೋ ಅಲ್ಲವೇನು ಎಂದು ನಾನು ಕೇಳಿದೆ.

"ಮಾವ್ಶಿ, ತಣ್ಣನ ತವಾದ ಮ್ಯಾಲ ರೊಟ್ಟಿ ಬೇಯ್ತದ ಏನು?"

ಇಂಜಿನ್ನಿನಿಂದ ರೇಡಿಯೇಟರಿಗೆ ನೀರು ಹೋಗುವಲ್ಲಿ ಒಂದು ಮುಚ್ಚಳ ಬಿಚ್ಚಿದ. ಒಳಗೆ ಖಾಲಿ. ಅಲ್ಲಿ ಥರ್ಮೋವಾಲ್ವ್ ಎಂಬ ಸಣ್ಣ ಬಾಗಿಲು ಇರಬೇಕಂತೆ. ಇಂಜಿನ್ ಕಾಯುವ ತನಕ ಅದು ಮುಚ್ಚಿರುತ್ತದೆ, ಕಾದ ಮೇಲೆ ತೆರೆದು ನೀರು ಬಿಡುತ್ತದೆ. ಅದು ಇಲ್ಲದಿದ್ದರೆ ಚಾಲೂ ಆದಾಗಿನಿಂದ ತಣ್ಣೀರು ಸುತ್ತುತ್ತಲೇ ಇರುತ್ತದೆ, ಇಂಜಿನ್ನಿಗೆ ಬೇಕಾದ ಕಾವು ಬರುವುದೇ ಇಲ್ಲ, ಡೀಸೆಲ್ ಪೂರ್ತಿ ಸುಡುವುದಿಲ್ಲ. ತಿಂಗಳುಗಟ್ಟಲೆ ಹಾಗೇ ಓಡಿ, ಡೀಸೆಲ್ ಚಿಮ್ಮಿಸುವ ನಾಜಲ್‌ಗಳಿಗೆ ಮಸಿ ಕಟ್ಟಿತ್ತು. ಚಿಮ್ಮಬೇಕಾದ್ದು ತೊಟ್ಟಿಕ್ಕುತ್ತಿತ್ತು. ಬೆಳಗಿನ ತೊಂದರೆ ಅದರಿಂದ.

ಅದನ್ನು ಕಿತ್ತವರು ಯಾರು? ನಮ್ಮ ಕಡೆಯ ಬಿಸಿಲಿಗೆ ಇಂಜಿನ್ನಿನ ನೀರು ಕುದಿಯಿತು ಅಂದರೆ ಮೊದಲು ಅದನ್ನೇ ಕಿತ್ತು ಒಗೆಯುವ ರೂಢಿ. ಬೇಸಿಗೆಯಲ್ಲಿ ಘಾಟಿನ ಮೇಲೆ ಲಾರಿ ಕುದ್ದಿತ್ತು.

"ನೀವ ಫೋನ್‌ನ್ಯಾಗ ಹೇಳಿದ್ರೆಲ್ರಿ, ಕಿತ್ತು ಒಗಿ ಅಂತ," ಎಂದ ಭೀಮ್ಯಾ, ಪಕ್ಕದಲ್ಲೇ ನಿಂತಿದ್ದ ಸಾವ್ಕಾರನಿಗೆ.

ಸಾವ್ಕಾರ ಕಿವಿ ಕೆರೆದುಕೊಂಡ. ಆಮೇಲೆ ರೇಡಿಯೇಟರಿನ ಕಸ ತೆಗೆಸಿದ್ದರು, ಕುದಿಯುವುದು ನಿಂತಿತ್ತು, ಆ ಬಾಗಿಲನ್ನು ವಾಪಸ್ ಹಾಕುವ ನೆನಪು ಇಬ್ಬರಿಗೂ ಇರಲಿಲ್ಲ. ವಿಜಾಪುರದಲ್ಲಿ ತಾನು ಅದಿಲ್ಲದೇ ಲಾರಿ ಓಡಿಸಿದವನು ಎಂದು ಸಾವ್ಕಾರ ಗೊಣಗಿದ.

"ಅಲ್ಲೀನೂ ಹೀಂಗ ಡೀಸೆಲ್ ಕುಡದಿರ್ತದ," ಎಂದ ಮಿಸ್ತ್ರಿ. "ಆಗ ಯಾವ ಡ್ರೈವರ್‌ಗ ಬೈದ್ರಿ?"

ಹೊಸ ವಾಲ್ವ್ ಹಾಕುವ ಮೊದಲು ಮಿಸ್ತ್ರಿ ಅದನ್ನು ಪರೀಕ್ಷೆ ಮಾಡಬೇಕೆಂದು ಒಂದು ಡಬ್ಬಿಯಲ್ಲಿ ನೀರು ಹಾಕಿ ನನ್ನ ಒಲೆಯ ಮೇಲಿಟ್ಟ. ಹಿತ್ತಾಳೆಯ ಸಣ್ಣ ಬಿಲ್ಲೆ. ನೀರು ಕಾಯುತ್ತ ಬಂದಂತೆ ತಾನೇ ಬಾಯಿ ಬಿಟ್ಟಿತು. ಹೊರಗೆ ತೆಗೆದು ಆರಿಸಿದರೆ ಮುಚ್ಚಿಕೊಂಡಿತು. ಒಳಗೆ ಮೇಣ ಇದೆಯಂತೆ, ಅದು ಕರಗಿ ಉಬ್ಬಿ ಬಾಗಿಲು ದೂಡುತ್ತದಂತೆ. ಇನ್ನೊಮ್ಮೆ ಮಾಡಿಸಿ ನೋಡಿದೆ. ಇಷ್ಟು ವರ್ಷ ಒಲೆ ಮುಂದೆ ಕೂತಿದ್ದೇನೆ, ಅಂಥದ್ದು ನೋಡಿರಲಿಲ್ಲ. ಈಗಲೂ ಯಾವ ಲಾರಿ ಚಾಲೂ ಆದರೂ ಮೊದಲು ಹೊಗೆಯ ಬಣ್ಣ ನೋಡುತ್ತೇನೆ. ಡ್ರೈವರುಗಳು ಡಾಕ್ಟರಮ್ಮ ಎಂದು ಚಾಷ್ಟಿ ಮಾಡುತ್ತಾರೆ. ಮಾಡಲಿ. ಕಂಡದ್ದನ್ನು ಕೇಳಿ ತಿಳಿದುಕೊಳ್ಳಬೇಕು, ಊಹಿಸಿಕೊಂಡು ಕೂರಬಾರದು.

ನಾಜಲ್ ಸ್ವಚ್ಛವಾಗಿ, ವಾಲ್ವ್ ಕೂತು, ಕಾಣಕೋಣಕ್ಕೆ ಹೋಗಿ ಬಂದ ದಿನ ಕೋಲು ಸರಿಯಾಗಿ ತೋರಿಸಿತು. ಗ್ಯಾರೇಜಿನ ಮೂಲೆಯಲ್ಲಿ, ನಾವು ಮೂವರೇ ಇದ್ದಾಗ, ಸಾವ್ಕಾರ ಚಾವಿಯನ್ನು ಭೀಮ್ಯಾನ ಕಿಸೆಯಲ್ಲಿ ಹಾಕಿ ಹೋದ. ಚಾವಿ ಸಿಕ್ಕಿತಲ್ಲ, ಬಿಡು ದೊಡವ್ವಾ, ಎಂದ ಭೀಮ್ಯಾ.

ಮರುದಿನ ಬೆಳಿಗ್ಗೆ ನಾನು ಸೀದಾ ಸಾವ್ಕಾರನ ಮನೆಗೆ ಹೋದೆ. ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ.

"ಮಂದಿ ಮುಂದ ಕಳ್ಳ ಅಂದೀರಿ. ಮಂದಿ ಮುಂದನ ಅಲ್ಲ ಅನ್ರಿ."

ಚಹಾ ಕುಡಿದು ಬರುತ್ತೇನೆ, ನೀನು ನಡೆ ಎಂದ. ನಾನು ಮೆಟ್ಟಿಲ ಮೇಲೆ ಕೂತೆ. ಅವನು ಅಂಗಿ ಹಾಕಿಕೊಂಡು ಹೊರಬಂದ ಮೇಲೆ, ಅವನನ್ನು ಮುಂದೆ ಬಿಟ್ಟುಕೊಂಡು ಸ್ಟ್ಯಾಂಡಿಗೆ ನಡೆದೆ. ಡ್ರೈವರುಗಳೆಲ್ಲ ಚಹಾಕ್ಕೆ ಕಾಯುತ್ತಿದ್ದರು. ಅವನ ಬಾಯಿಂದ ಆ ಮಾತು ಬರುವ ತನಕ ನಾನು ಒಲೆ ಹೊತ್ತಿಸಲಿಲ್ಲ.